ಬಾತಿಯ ಗೋದಾಮಿನ ವಿಮಾನ

ಬಾತಿ ಎಂಬ ಹಳ್ಳಿಯ ಬಳಿ ಅಕ್ಕಿ ಗಿರಣಿ ನಡೆಸುತ್ತಿದ್ದ ಸಾಹುಕಾರರೊಬ್ಬರು ತಮ್ಮ ಹಳೆಯ ಗೋದಾಮಿನಲ್ಲಿ ಒಂದು ವಿಮಾನ ಇಟ್ಟುಕೊಂಡಿದ್ದರು. ಎಲ್ಲೋ ಮುಚ್ಚಿಹೋದ ವಿಮಾನ ತರಬೇತಿ ಶಾಲೆಯಿಂದ ಗುಜರಿಗೆ ಹೊರಟಿದ್ದ, ಎರಡು ಸೀಟಿನ ಪುಟ್ಟ ವಿಮಾನವದು. ಅದರ ರೆಕ್ಕೆಗಿದ್ದದ್ದು ತಗಡಲ್ಲ, ಮರದ ಚೌಕಟ್ಟಿಗೆ ಬಿಗಿದ ಬಟ್ಟೆ. ಇಲಿ ಕಡಿದಿದ್ದ ಆ ಬಟ್ಟೆಯನ್ನು ಬಿಚ್ಚಿ, ಹೊಸದನ್ನು ತಾವೇ ಹೊಲಿದು, ಪದರ ಪದರವಾಗಿ ಮೆರುಗೆಣ್ಣೆ ಬಳಿಯುವುದರಲ್ಲಿ ಅವರಿಗೆ ವರ್ಷಗಳೇ ಕಳೆದಿದ್ದವು. ನೋಡಲು ಯಾರು ಬಂದರೂ ಬಾಗಿಲು ತೆರೆಯುತ್ತಿದ್ದರು. ಆದರೆ ಸುತ್ತಲೂ ಹಗ್ಗ ಕಟ್ಟಿ, "ಕಣ್ಣಿಂದ ನೋಡ್ರಿ, ಕೈ ಬ್ಯಾಡ" ಅನ್ನುತ್ತಿದ್ದರು. ಸ್ವಂತ ಬೀಗರಿಗೂ ಅದೇ ಮಾತು.

ಒಮ್ಮೆ ಹರಿಹರದಿಂದ ಬಂದಿದ್ದ ನಮ್ಮ ದೊಡ್ಡಮ್ಮನನ್ನು ಅಲ್ಲಿಗೆ ಕರೆದೊಯ್ದೆ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣದು. ರೂಢಿಯಂತೆ "ಕಣ್ಣಿಂದ..." ಎಂದು ಶುರುಮಾಡಿದ ಸಾಹುಕಾರರು ಅವಳ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ಬಾಗಿ ಹಗ್ಗ ಬಿಚ್ಚಿದರು. ಅವಳ ಅಂಗೈಯನ್ನು ತಾವೇ ಹಿಡಿದು ರೆಕ್ಕೆಯ ಮೇಲಿಟ್ಟರು.

"ಅಯ್ಯೋ, ಇದು ಬಟ್ಟೆ! ಹೆಂಗೆ ಹಾರ್ತಿತ್ರಿ ಇದು?" ಎಂದಳು ದೊಡ್ಡಮ್ಮ.

"ಬರ್ರಿ ಅಕ್ಕಾರೆ, ಒಳಗ ಕೂಡ್ರಿ."

ಮನೆಯವರನ್ನೂ ಕೂರಿಸದ ಸೀಟಿನಲ್ಲಿ ಅವಳನ್ನು ಕೂರಿಸಿ, ವಿಮಾನವನ್ನು ಅತ್ತಿತ್ತ ವಾಲಿಸುವ ಎದುರಿನ ಕೋಲನ್ನು ಅವಳ ಕೈಗೆ ಕೊಟ್ಟರು. "ನಿಧಾನಕ್ಕ ಬಲಕ್ಕೆ ವಾಲಿಸ್ರಿ."

ದೊಡ್ಡಮ್ಮ ವಾಲಿಸಿದಳು. ಬಲರೆಕ್ಕೆಯ ಹಿಂದಿನ ಅಂಚಿನ ಪಟ್ಟಿ ಸದ್ದಿಲ್ಲದೆ ಮೇಲೆದ್ದಿತು. ಸಾಹುಕಾರರು ರೆಕ್ಕೆಯ ತುದಿಗೆ ಓಡಿ, "ಏಳ್ತೈತೆ ಅಕ್ಕಾರೆ! ನಿಮ್ಮ ಕೈಗೇ ಏಳ್ತೈತೆ!" ಎಂದು ಗೋದಾಮು ತುಂಬುವಂತೆ ಕೂಗಿದರು.

ದೊಡ್ಡಮ್ಮ ಕೋಲನ್ನು ಮತ್ತೆ ವಾಲಿಸಿದಳು.