ಆರು ತಿಂಗಳಿನ ರೊಟ್ಟಿ

ಎರಡು ದಿನ ಮೀನು ಹಿಡಿಯಲು ಹೊರಟವನ ಹತ್ತಿರ ಒಂದು ಚೀಲ ಖಡಕ್ ರೊಟ್ಟಿ ಯಾಕಿರಬೇಕು?

ಕೆಲವು ತಿಂಗಳ ಹಿಂದೆ ಕಡಲಲ್ಲಿ ಒಂದು ದೋಣಿಯನ್ನು ತಡೆದ ಕಸ್ಟಮ್ಸ್ ಅಧಿಕಾರಿಗೆ ಬಂದ ಅನುಮಾನವಿದು. ಚೀಲ ಜಕ್ಕಲಿಯ ಫಕೀರಪ್ಪನದು. ರೊಟ್ಟಿ ಬಡಿದವಳು ಅವನ ಅಕ್ಕ ಯಲ್ಲವ್ವ, ರೋಣದಲ್ಲಿ ನಮ್ಮದೇ ಓಣಿಯವಳು. ಇದರಲ್ಲಿ ನನ್ನ ಪಾತ್ರ? ಬರುತ್ತೇನೆ. (ತಡ ಮಾಡುತ್ತಿರುವುದು ಬೇಕೆಂದೇ.)

ಫಕೀರಪ್ಪ ಹೊಲದ ಕೂಲಿ. ಅವನು ನೋಡಿದ್ದ ಅತಿ ದೊಡ್ಡ ನೀರೆಂದರೆ ಕೊಣ್ಣೂರಿನ ಸೇತುವೆ ಮುಳುಗಿಸಿದ ಮಲಪ್ರಭೆ. ಅವನಿಗೊಬ್ಬ ಏಜೆಂಟ್ ಸಿಕ್ಕ. ಗಲ್ಫ್‌ನಲ್ಲಿ ಕೆಲಸವಿದೆ, ಪಾಸ್‌ಪೋರ್ಟ್ ಆಮೇಲೆ ನೋಡೋಣ, ಸದ್ಯ ದೋಣಿ ಹತ್ತು ಎಂದ. ಸಾಮಾನು ತರಬೇಡ, ಯಾರಾದರೂ ಕೇಳಿದರೆ ಎರಡು ದಿನದ ಮೀನುಗಾರಿಕೆ ಅನ್ನು ಎಂದೂ ಹೇಳಿಕೊಟ್ಟ.

ಆದರೆ ನಮ್ಮ ಕಡೆ ದುಡಿಯಲು ಹೊರಟವರು ರೊಟ್ಟಿ ಇಲ್ಲದೆ ಹೊಸ್ತಿಲು ದಾಟುತ್ತಾರೆಯೇ?

ಅಧಿಕಾರಿ ಚೀಲ ಬಿಚ್ಚಿಸಿ ಕೇಳಿದಾಗ ಫಕೀರಪ್ಪ ಮೊದಲು ಪಾಠ ಒಪ್ಪಿಸಿದನಂತೆ. ಎರಡು ದಿನಕ್ಕೆ ಇಷ್ಟೊಂದಾ ಎಂದಿದ್ದಕ್ಕೆ ಬಾಯಿಗೆ ಖರೇ ಬಂತು.

“ಆರ ತಿಂಗಳಿಗಂತ ನಮ್ಮಕ್ಕ ಬಡದ ಕೊಟ್ಟಾಳ್ರೀ.”

(ನಾನು ಮೊದಲ ಸಲ ಈ ಕತೆ ಹೇಳುವಾಗ ರೊಟ್ಟಿ ಅರವತ್ತಿದ್ದವು. ಈಗ ಇನ್ನೂರಾಗಿವೆ. ಕತೆ ಬೆಳೆಯುತ್ತದೆ, ನೀವು ನಿಮ್ಮ ಲೆಕ್ಕ ಇಟ್ಟುಕೊಳ್ಳಿ.)

ದೋಣಿಯನ್ನು ದಡಕ್ಕೆ ತಂದು ಕಟ್ಟಿಹಾಕಿದರು. ಸುದ್ದಿ ಬಂದ ಬೆಳಿಗ್ಗೆ ಯಲ್ಲವ್ವ ನಮ್ಮ ಬಾಗಿಲಲ್ಲಿ ನಿಂತಿದ್ದಳು. “ನನ್ನ ತಮ್ಮನ್ನೂ ಕಳ್ಳ ಅಂತ ಬರಕೊಂಡಾರೇನ್ರೀ ಸರ?”

ಪರಿಚಯದ ವಕೀಲರಿಗೆ ಫೋನ್ ಮಾಡಿದೆ. ಅನುಮಾನ ಬಂದರೆ ಕಸ್ಟಮ್ಸ್‌ನವರು ದೋಣಿ ನಿಲ್ಲಿಸಬಹುದು, ಶೋಧಿಸಬಹುದು, ತಡೆದಿಡಬಹುದು, ಜನರನ್ನು ಹಿಡಿಯಲೂಬಹುದು ಎಂದರು. ನನಗೆ ಹೆದರಿಕೆಯಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಅನುಮಾನ ಯಾರ ಮೇಲೆ ಬರುತ್ತದೆ ಎಂದು ನಮಗೆ ಗೊತ್ತಿಲ್ಲವೇ? ಚೀಲ ಹೊತ್ತವನ ಮೇಲೆ.

ಈಗ ನನ್ನ ಪಾತ್ರ. ಫಕೀರಪ್ಪ ಹೊರಡುವ ಮೊದಲು ಯಲ್ಲವ್ವ ಏಜೆಂಟನ ಮೆಸೇಜ್ ನನಗೆ ಓದಲು ಕೊಟ್ಟಿದ್ದಳು. “ವಿಚಾರಿಸಿ ಹೋಗಲಿ” ಎಂದೆನೆಂದು ನನ್ನ ನೆನಪು. “ಹೋಗಲಿ ಬಿಡು” ಎಂದೆನೆಂದು ಅವಳದು. ನೆನಪು ತನ್ನ ಒಡೆಯನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಹಾಗಾಗಿ ಅವಳದನ್ನೇ ನಂಬಿದ್ದೇನೆ.

ಮೊದಲ ದಿನ, ಅದೇ ದೋಣಿಯಲ್ಲಿದ್ದ ಏಜೆಂಟನನ್ನೂ ಫಕೀರಪ್ಪನನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದರು. ಮರುದಿನ ಅದೇ ಅಧಿಕಾರಿ ಸಾಲು ಒಡೆದರು. ಜನರನ್ನು ಸಾಗಿಸುತ್ತಿದ್ದವನು ಬೇರೆ, ಮೋಸ ಹೋಗಿ ಹತ್ತಿದವನು ಬೇರೆ ಎಂದು ಬರೆದರಂತೆ. ಏಜೆಂಟನ ಕೈಗೆ ಕೋಳ ಬಿತ್ತು, ಪೊಲೀಸರ ಪಾಲಾದ. ಫಕೀರಪ್ಪ ಸಾಕ್ಷಿಯಾಗಿ ಹೇಳಿಕೆ ಕೊಟ್ಟು ಮನೆಗೆ ಬಂದ. ಉಳಿದ ರೊಟ್ಟಿಯನ್ನೂ ಹೊತ್ತುಕೊಂಡು ಬಂದ!

“ನೀ ಅವ್ವನ ಹೊಟ್ಟಿಯೊಳಗ ಶ್ಯಾಣ್ಯಾತನ ಬಿಟ್ಟ ಬಂದಿ,” ಎಂದು ಬೈಯುತ್ತಲೇ ಯಲ್ಲವ್ವ ಅವನ ತಾಟಿಗೆ ಬದನೆಕಾಯಿ ಪಲ್ಯ ಬಡಿಸಿದಳು. ಅವನು ಈಗ ನರಗುಂದದಲ್ಲಿ ಹತ್ತಿ ಮಿಲ್ಲಿನ ಕೆಲಸ ಹಿಡಿದಿದ್ದಾನೆ. ಕೋರ್ಟಿಗೆ ಕರೆದಾಗ ಹೋಗಿ ಹೇಳುತ್ತೇನೆ ಎನ್ನುತ್ತಾನೆ.

ಹೋದ ವಾರ ಓಣಿಗೆ ಇನ್ನೊಬ್ಬ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ದೂರದ ಊರಿನ ಕೆಲಸ, ಅದೇ ಮಾತು. ಯಲ್ಲವ್ವ ಪೂರಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು.

“ಎಷ್ಟ ದಿನದ ರೊಟ್ಟಿ ಬಡೀಲಿ, ಹೇಳ್ರಿ.”

ಅವನು ಗಜೇಂದ್ರಗಡದ ಬಸ್ಸು ಹತ್ತಿದ. ನಿಮ್ಮ ಓಣಿಯಲ್ಲಿ ಇದನ್ನು ಕೇಳುವವರು ಯಾರಿದ್ದಾರೆ?