ಬೆಕ್ಕಿನ ಕನ್ನಡಕ

೨೦೦೨ರಲ್ಲಿ ನಾನು ಹುಕ್ಕೇರಿ ತಾಲ್ಲೂಕಿನಲ್ಲಿ ನೇತ್ರ ಸಹಾಯಕಿ. ಶಾಲೆಗಳಿಗೆ ಹೋಗಿ ಮಕ್ಕಳ ದೃಷ್ಟಿ ಅಳೆದು, ನಂಬರ್ ಬರೆದು, ಕನ್ನಡಕ ಕೊಡಿಸುವುದು ಕೆಲಸ. ಕೊಟ್ಟ ಕನ್ನಡಕವನ್ನು ಮಗು ಹಾಕಿಕೊಂಡಿತೋ ಇಲ್ಲವೋ ಎಂದು ಕೇಳುವ ಕಾಲಂ ನಮ್ಮ ರಿಜಿಸ್ಟರಿನಲ್ಲಿ ಇರಲೇ ಇಲ್ಲ.

ಸಂಕೇಶ್ವರದ ಹತ್ತಿರದ ಹಳ್ಳಿಯ ಪದ್ಮಶ್ರೀ ಏಳನೇ ತರಗತಿ. ಮೈನಸ್ ಮೂರೂವರೆ; ಅಂದರೆ ಒಂದಡಿಯಾಚೆ ಎಲ್ಲವೂ ಮಸುಕು. ಶಾಲೆಯಲ್ಲಿ ಅವಳು ಬರಿಗಣ್ಣಲ್ಲಿ ಕೂತಿದ್ದನ್ನು ಕಂಡು ಮನೆಗೇ ಹೋದೆ. ಮೂರು ತಿಂಗಳ ಹಿಂದೆ ಕೊಟ್ಟಿದ್ದ ದಪ್ಪ ಕಪ್ಪು ಫ್ರೇಮಿನ ಕನ್ನಡಕ ಜೋಳದ ಡಬ್ಬಿಯಲ್ಲಿ ಸಿಕ್ಕಿತು. ಓಣಿಯ ಹುಡುಗರು 'ಮುದುಕಿ' ಎಂದು ಕಾಡುತ್ತಿದ್ದರಂತೆ, ಅವಳೇ ಬಚ್ಚಿಟ್ಟಿದ್ದಳು. ಅಜ್ಜಿಗಂತೂ ಅದು ಮೊದಲೇ ಬೇಕಿರಲಿಲ್ಲ.

"ಚಾಳೀಸ ಹಾಕ್ಕೊಂಡ ಹುಡುಗಿನ್ನ ಯಾರ ಮಾಡ್ಕೋತಾರ್ರಿ ಬಾಯಾರ? ಹೆಂಗೂ ಅಭ್ಯಾಸ ತಲಿಗಿ ಹತ್ತವಲ್ದು. ಈ ಸಲ ನಪಾಸಾದ್ರ ಸಾಲಿ ಬಿಡಸ್ತೇವಿ."

ನನಗೆ ಮೈಯೆಲ್ಲ ಉರಿಯಿತು. ಹುಡುಗಿ ದಡ್ಡಿಯಲ್ಲ, ಬೋರ್ಡೇ ಕಾಣದವಳು!

"ನಿನಗ ಎಂಥಾದ್ದು ಬೇಕವಾ?" ಎಂದೆ. ಪದ್ಮಶ್ರೀ ತನ್ನ ಕಂಪಾಸ್ ಪೆಟ್ಟಿಗೆ ತೋರಿಸಿದಳು. ಮುಚ್ಚಳದ ಮೇಲೆ ಗುಲಾಬಿ ಬಣ್ಣದ ಬೆಕ್ಕಿನ ಮರಿ: ದೊಡ್ಡ ತಲೆ, ದೊಡ್ಡ ಕಣ್ಣು. ಟಿವಿಯ ಜಪಾನಿ ಕಾರ್ಟೂನುಗಳ ಹಿಂದೆಯೇ ಬಂದ ಈ ಮುದ್ದು ಮುಖಗಳು ಆಗ ಕೊಲ್ಹಾಪುರದ ಪೇಟೆಯಿಂದ ನಮ್ಮ ಹಳ್ಳಿಗಳವರೆಗೂ ಹರಡಿದ್ದವು. ಅಗ್ಗದ ಹುಚ್ಚು ಎಂದು ನಾನೂ ಮೂಗು ಮುರಿದಿದ್ದೆ. ಆದರೂ ಸಂಕೇಶ್ವರದ ಅಂಗಡಿಗಳಲ್ಲಿ ಹುಡುಕಿ, ಕಡ್ಡಿಯ ಮೇಲೆ ಅಂಥದೇ ಬೆಕ್ಕಿದ್ದ ಗುಲಾಬಿ ಫ್ರೇಮಿಗೆ ಅವಳ ನಂಬರಿನ ಗ್ಲಾಸ್ ಕೂಡಿಸಿ ತಂದುಕೊಟ್ಟೆ. ಹಾಕಿಕೊಂಡವಳು ತೆಗೆಯಲೇ ಇಲ್ಲ.

ಮರುದಿನವೇ ಹೆಡ್‌ಮಾಸ್ತರರು ಕರೆಸಿದರು.

"ಏನ್ರಿ ಬಾಯಾರ, ಸಾಲ್ಯಾಗ ಇಂಥಾ ಸೋಗು ನಡಿಯಂಗಿಲ್ಲ. ತಗಸ್ರಿ ಅದನ್ನ."

ಶಿಸ್ತಂತೆ ಶಿಸ್ತು! "ತಗಸ್ತೇನ್ರಿ. ಮೊದಲ ಅಕಿನ್ನ ಕಡೇ ಬೆಂಚಿನ ಮ್ಯಾಲ ಕುಂದರಿಸಿ ಬೋರ್ಡ್ ಓದಸ್ರಿ" ಎಂದೆ.

ತರಗತಿಗೆ ಹೋದೆವು. ಪದ್ಮಶ್ರೀ ಕಡೇ ಬೆಂಚಿನಲ್ಲಿ ಎದ್ದು ನಿಂತು, ಬೋರ್ಡಿನ ಮೇಲಿದ್ದ ಲೆಕ್ಕಗಳನ್ನು ಒಂದೊಂದಾಗಿ ಓದಿದಳು. ಓದುತ್ತಾ ತಡೆದು, "ಸರ್, ಮೂರನೇ ಲೆಕ್ಕದ ಉತ್ತರ ತಪ್ಪೈತ್ರಿ" ಎಂದಳು.

ಬರೆದವರು ಹೆಡ್‌ಮಾಸ್ತರರೇ. ಅವರು ಡಸ್ಟರ್ ಎತ್ತಿಕೊಂಡರು. ಕನ್ನಡಕದ ಮಾತನ್ನು ಮತ್ತೆ ಎತ್ತಲಿಲ್ಲ. ಆ ವರ್ಷ ಪದ್ಮಶ್ರೀ ಪಾಸಾದಳು, ಅಜ್ಜಿ ಅವಳ ಶಾಲೆ ಬಿಡಿಸಲಿಲ್ಲ.

ಆಮೇಲೆ ನಾನು ಪ್ರತಿ ಶಿಬಿರಕ್ಕೂ ಬಣ್ಣಬಣ್ಣದ ಫ್ರೇಮುಗಳನ್ನೇ ಒಯ್ದೆ. "ಇದೇನ್ರಿ ಆಟಿಗಿ ಸಾಮಾನು?" ಎಂದು ನಕ್ಕ ಮೇಲಧಿಕಾರಿಗಳು ಬೇಕಾದಷ್ಟು ಜನ. ನಗಲಿ ಬಿಡಿ. ಸರಿಯಾದ ನಂಬರ್ ಬರೆಯುವುದು ಅರ್ಧ ಕೆಲಸ. ಹಾಕಿಕೊಳ್ಳಬೇಕೆಂಬ ಆಸೆ ಹುಟ್ಟಿಸುವುದು ಉಳಿದರ್ಧ. ನಮ್ಮಿಂದಾಗದ ಆ ಅರ್ಧವನ್ನು ಜಪಾನಿನ ಬೆಕ್ಕು ಮಾಡಿದರೆ, ಬೆಕ್ಕಿಗೇ ನಮಸ್ಕಾರ.