ಹುಸೇನಸಾಬರು ಹುಡುಕಿದ ಪುಟ

ನಾನು ಸುಳ್ಳು ಹೇಳಿದೆ. ಜೀವಮಾನವಿಡೀ ಇನ್ನೊಬ್ಬರಿಂದ ಪ್ರಮಾಣ ಮಾಡಿಸಿದ ನ್ಯಾಯಾಧೀಶೆ ನಾನು — ನನ್ನ ಮೇಲೆಯೇ ಇಲಾಖಾ ವಿಚಾರಣೆ ನಡೆದಾಗ, ನನ್ನ ತಪ್ಪನ್ನು ನನ್ನ ಸ್ಟೆನೊ ಹುಸೇನಸಾಬರ ತಲೆಗೆ ಕಟ್ಟಿದೆ. ಅವರು ಅದನ್ನು ಹೊತ್ತರು. ಹೊತ್ತದ್ದಷ್ಟೇ ಅಲ್ಲ, ನಂಬಿದರು. ಈ ಎರಡನೆಯದು ನನಗೆ ತಿಳಿದದ್ದು ಮೊನ್ನೆ ಮೊನ್ನೆ.

ನಾನು ಧಾರವಾಡದ ಕಡೆಯವಳು. ವಿಜಯಪುರದಲ್ಲಿ ಸಿವಿಲ್ ನ್ಯಾಯಾಧೀಶೆಯಾಗಿದ್ದಾಗ ನನ್ನ ವೇಗಕ್ಕೆ ಹೆಸರಿತ್ತು. “ಈ ಮೇಡಂ ಕೋರ್ಟಿನ್ಯಾಗ ತಾರೀಖ ಮ್ಯಾಲ ತಾರೀಖ ಅಂಬೂದ ಇಲ್ಲ ನೋಡ್ರಿ” ಎಂದು ವಕೀಲರು ಮಾತಾಡಿಕೊಳ್ಳುತ್ತಿದ್ದರು. ಹೊಗಳಿದರೆ ಉಬ್ಬುವ ಸ್ವಭಾವ ನನ್ನದು. ಅದು ಕಿವಿಗೆ ಬಿದ್ದ ದಿನ ಊಟ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು.

ಆ ವೇಗದ ಗುಟ್ಟು ಇಷ್ಟೇ. ನಿಯಮದ ಪ್ರಕಾರ, ತೀರ್ಪನ್ನು ಓದುವ ಮೊದಲು ಅದು ಕಾರಣಸಹಿತ ಪೂರ್ತಿ ಬರೆದು ಸಿದ್ಧವಾಗಿರಬೇಕು. ನಾನು ಕೊನೆಯ ಸಾಲನ್ನಷ್ಟೇ ಚೀಟಿಯಲ್ಲಿ ಗೀಚಿಕೊಂಡು ಬಂದು ಓದಿಬಿಡುತ್ತಿದ್ದೆ — ‘ದಾವೆ ವಜಾ’ — ಅಷ್ಟೇ. ಕಾರಣಗಳನ್ನು ಆಮೇಲೆ, ಪುರಸೊತ್ತಾದಾಗ, ಹುಸೇನಸಾಬರಿಗೆ ಹೇಳಿ ಬರೆಸುತ್ತಿದ್ದೆ. ಕೆಲಸದ ಹೊರೆ ಎಷ್ಟಿತ್ತೆಂದರೆ — ಬೇಡ, ಅದನ್ನು ಹೇಳಿದರೆ ನೆಪವಾದೀತು.

ಘೋಣಸಗಿಯ ಗಂಗವ್ವ ತನ್ನ ಹೊಲಕ್ಕೆ ಹೋಗುವ ದಾರಿಗಾಗಿ ದಾವೆ ಹಾಕಿದ್ದಳು. ಅದನ್ನೂ ಹೀಗೆಯೇ ವಜಾ ಮಾಡಿದೆ. ಅಪೀಲು ಹೋಗಲು ಅವಳು ತೀರ್ಪಿನ ನಕಲು ಕೇಳಿದಳು. ಕಡತದಲ್ಲಿ ತೀರ್ಪೇ ಇರಲಿಲ್ಲ. ಬಸ್ಸು ಹಿಡಿದು ಬಂದಳು, ಹೋದಳು, ಮತ್ತೆ ಬಂದಳು. ಒಂದು ದಿನ ಕೋರ್ಟಿನ ಬಾಗಿಲಲ್ಲೇ ನಿಂತು ಕೇಳಿದಳು: “ಯವ್ವಾ, ನಾ ಯಾಕ ಸೋತ್ನಿ ಅಂತಾದ್ರೂ ಹೇಳ್ರಿ.” ಜವಾನ ಅವಳನ್ನು ಹೊರಗೆ ಕರೆದೊಯ್ದ. ಅವಳು ಯಾಕೆ ಸೋತಳೆಂದು ನಾನಿನ್ನೂ ಯೋಚಿಸಿಯೇ ಇರಲಿಲ್ಲ.

ಅವಳು ಹೈಕೋರ್ಟಿಗೆ ದೂರು ಬರೆಸಿದಳು. ಸುದ್ದಿ ಬಂದ ದಿನವೇ ಹುಸೇನಸಾಬರನ್ನು ಚೇಂಬರಿಗೆ ಕರೆಸಿದೆ. ಅಂದು ನಾನಾಡಿದ ಮಾತನ್ನು ಒಂದಕ್ಷರ ಬದಲಿಸದೆ ಹೇಳುತ್ತೇನೆ.

“ಹುಸೇನಸಾಬ್ರ, ಗಂಗವ್ವನ ಜಜ್‌ಮೆಂಟ್ ಹೇಳಿದ್ನಲ್ಲಾ, ನೀವು ಕಳಕೊಂಡೀರಿ. ಇರ್ಲಿ. ಮತ್ತೊಮ್ಮೆ ಹೇಳತೇನಿ, ಬರಕೋರಿ.”

ಅವರು ತಮ್ಮ ನೋಟ್‌ಬುಕ್ಕನ್ನು ನೋಡಿದರು, ನನ್ನನ್ನು ನೋಡಿದರು. “ಯಾವಾಗ ಹೇಳಿದ್ರಿ ಮೇಡಮ್ಮಾರ?” ಎಂದು ಮೆಲ್ಲಗೆ ಕೇಳಿದರು. ನಾನು ಗಡಿಯಾರ ನೋಡಿಕೊಂಡೆ. ಅವರು ಹೊಸ ಪುಟ ತಿರುಗಿಸಿ, ನಾನು ಹೇಳಿದ್ದನ್ನು ಬರೆದುಕೊಂಡರು. ಆ ತಿಂಗಳು ಅವರ ಹೆಂಡತಿ ಆಸ್ಪತ್ರೆಯಲ್ಲಿದ್ದರು; ಅವರು ಅಲ್ಲಿಗೂ ಕೋರ್ಟಿಗೂ ಓಡಾಡುತ್ತ ನಿದ್ದೆಗೆಟ್ಟಿದ್ದರು, ಹೇಳಿದ್ದನ್ನು ಮರೆಯುತ್ತಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಹಾಗೆಂದೆ.

ವಿಚಾರಣೆಯಲ್ಲಿ ಅಧಿಕಾರಿ ಅವರನ್ನೇ ಕೇಳಿದರು — ಮೇಡಂ ನಿಮಗೆ ತೀರ್ಪು ಹೇಳಿ ಬರೆಸಿದ್ದರೇ, ಇಲ್ಲವೇ? ಇಲ್ಲ ಎಂದಿದ್ದರೆ ನನ್ನ ನೌಕರಿ ಅಂದೇ ಮುಗಿಯುತ್ತಿತ್ತು. ಅವರು ನನ್ನ ಕಡೆ ತಿರುಗಿದರು. ನಾನು ಕಾಗದ ನೋಡುತ್ತ ಕುಳಿತೆ.

“ಮೇಡಮ್ಮಾರು ಹೇಳೇನಿ ಅಂತಾರಂದ್ರ ಹೇಳಿರಬೇಕ್ರಿ. ನನ್ನ ಬುಕ್ಕಿನ್ಯಾಗ ಸಿಗವಲ್ದು.”

ಅವರ ಸೇವಾ ಪುಸ್ತಕದಲ್ಲಿ ‘ಕರ್ತವ್ಯಲೋಪ’ ಎಂದು ಬಿತ್ತು, ಬಡ್ತಿ ನಿಂತಿತು. ನನಗೆ ಬಂದದ್ದು ಒಂದು ಪತ್ರ — ಇನ್ನು ಮುಂದೆ ಸಿಬ್ಬಂದಿಯ ಮೇಲೆ ಸರಿಯಾಗಿ ನಿಗಾ ಇಡತಕ್ಕದ್ದು. ನಾನು ಹಾರ ಹಾಕಿಸಿಕೊಂಡು ನಿವೃತ್ತಳಾದೆ. ಮಗಳ ಮನೆ ಇಲ್ಲಿದೆಯೆಂದು ವಿಜಯಪುರಕ್ಕೇ ಬಂದು ನೆಲೆಸಿದೆ.

ಹೋದ ತಿಂಗಳು ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ನಮಸ್ಕಾರ ಮಾಡಿದಳು. ಹುಸೇನಸಾಬರ ಮಗಳು ಶಬಾನಾ. ತಿಕೋಟಾದ ಶಾಲೆಯಲ್ಲಿ ಕಲಿಸುತ್ತಾಳಂತೆ. ಬೈದಾಳೆಂದು ಕಾದೆ. ಅವಳು ಸಂಕೋಚದಿಂದ ಕೇಳಿದಳು:

“ಅಬ್ಬಾ ಇನ್ನೂ ಆ ಜಜ್‌ಮೆಂಟಿನ ಪುಟ ಹುಡಕಾಕತ್ತಾರ್ರಿ ಮೇಡಂ. ಆ ಶಾರ್ಟ್‌ಹ್ಯಾಂಡ್ ಗೀಟು ಓದಾಕ ನಮಗ್ಯಾರಿಗೂ ಬರೂದಿಲ್ಲ, ಅವರೊಬ್ಬರ ನೋಡಬೇಕು. ನೀವು ಹೇಳಿದ್ದು ಯಾವ ತಾರೀಖ ಅಂತ ನೆನಪೈತೇನ್ರಿ? ಗೊತ್ತಾದ್ರ ಲಗೂನ ಸಿಗತೈತಿ.”

ಮರುದಿನ ಬೆಳಿಗ್ಗೆ ಬಬಲೇಶ್ವರದ ಬಸ್ಸು ಹತ್ತಿ ಹುಸೇನಸಾಬರ ಊರು ಸಾರವಾಡದಲ್ಲಿ ಇಳಿದೆ.

ಅವರ ಮನೆಯ ಪಡಸಾಲೆಯಲ್ಲಿ ಟ್ರಂಕು ತೆರೆದಿತ್ತು. ವರ್ಷಗಳ ನೋಟ್‌ಬುಕ್ಕುಗಳು, ನೋಡಿ ಮುಗಿಸಿದವಕ್ಕೆ ದಾರ ಕಟ್ಟಿದ್ದರು. ಹುಸೇನಸಾಬರು ಭೂತಗನ್ನಡಿ ಕೆಳಗಿಟ್ಟು ಎದ್ದು ನಿಂತರು — ನನ್ನೆದುರು ಈಗಲೂ ಎದ್ದು ನಿಂತರು. “ಸಿಕ್ಕಿಲ್ರಿ ಮೇಡಮ್ಮಾರ. ಇನ್ನೂ ನಾಕು ಉಳದಾವ. ನಮ್ಮಾಕಿ ಜೀವ ಹೋಗೂ ಮುಂದ ಸುದ್ದಾ ‘ಸಿಕ್ತೇನ್ರಿ’ ಅಂತ ಕೇಳಿದ್ಳು.”

ಅವರ ಪಕ್ಕ ನೆಲದ ಮೇಲೆಯೇ ಕುಳಿತೆ.

“ಸಿಗೂದಿಲ್ಲ, ಹುಸೇನಸಾಬ್ರ. ನಾ ಹೇಳೇ ಇಲ್ಲ. ಅವತ್ತ ಜಜ್‌ಮೆಂಟ್ ಅನ್ನೂದ ಇರಲಿಲ್ಲ. ಸುಳ್ಳು ಹೇಳಿದ್ನಿ.”

ಅವರು ತೆರೆದಿದ್ದ ನೋಟ್‌ಬುಕ್ಕನ್ನು ಮುಚ್ಚಿದರು. ಬಾಗಿಲಲ್ಲಿದ್ದ ಶಬಾನಾ ಚಹಾದ ತಟ್ಟೆ ಹಿಡಿದವಳು ಹಾಗೇ ಒಳಗೆ ಹೋದಳು. ಆ ಚಹಾ ನನಗೆ ಬರಲಿಲ್ಲ. ಬರಬಾರದಿತ್ತು.

“ಹಂಗಾರ ನನ್ನ ಕೈ ತಪ್ಪಿರಲಿಲ್ಲ ಅನ್ರಿ,” ಎಂದರು ಹುಸೇನಸಾಬರು. ಸಿಟ್ಟಿರಲಿಲ್ಲ — ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಹೈಕೋರ್ಟಿಗೆ ಎಲ್ಲವನ್ನೂ ಬರೆದು ಸಹಿ ಮಾಡಿ ಕಳಿಸುತ್ತೇನೆ ಎಂದೆ. ಅವರು ಕೊನೆಯ ನೋಟ್‌ಬುಕ್ಕು ತೆಗೆದು, ಉಳಿದಿದ್ದ ಖಾಲಿ ಪುಟ ಬಿಡಿಸಿ, ಮೇಲೆ ತಾರೀಖು ಹಾಕಿ, ಪೆನ್ಸಿಲು ಹಿಡಿದರು.

“ಹೇಳ್ರಿ. ಬರಕೋತೇನಿ.”

ಈಗ ನೀವು ಓದಿದ್ದು ಆ ದಿನ ನಾನು ಹೇಳಿದ್ದೇ. ಶಬಾನಾ ಸಿಕ್ಕದ್ದು, ಅವರ ಮನೆಯಲ್ಲಿ ನಡೆದದ್ದು, ಇಷ್ಟನ್ನೇ ಆಮೇಲೆ ಸೇರಿಸಿದ್ದೇನೆ. ಮೊದಲಿನಿಂದ ಶುರು ಮಾಡಿದೆ, ಒಂದನ್ನೂ ಬಿಡಲಿಲ್ಲ. ಅವರ ಕೈ ಎಂದಿನಂತೆ ನನ್ನ ಮಾತಿನ ಜೊತೆಗೇ ಓಡಿತು. ಆ ತಿಂಗಳು ಅವರ ಹೆಂಡತಿ ಆಸ್ಪತ್ರೆಯಲ್ಲಿದ್ದರು, ಅದು ನನಗೆ ಗೊತ್ತಿತ್ತು ಎಂಬಲ್ಲಿಗೆ ಬಂದಾಗ ಮಾತ್ರ ಪೆನ್ಸಿಲು ನಿಂತಿತು. ನಾನು ಕಾದೆ. ಕನ್ನಡಕ ತೆಗೆದು ಒರೆಸಿಕೊಂಡು, ಅವರು ಅದನ್ನೂ ಬರೆದುಕೊಂಡರು.